ಅಸಲಿತನದ ಆರಾಧಕ

ಹಳೆಯ ಫೆರಾರಿ 308 ಕಾರಿನ ಅಮೆರಿಕನ್ ಮಾಲೀಕನು ಸಾಮಾನ್ಯವಾಗಿ ಅರವತ್ತು ದಾಟಿದವನು, ದಂತವೈದ್ಯದಿಂದಲೋ ವಕೀಲಿಯಿಂದಲೋ ನಿವೃತ್ತನಾದವನು, ‘ಮ್ಯಾಗ್ನಮ್ ಪಿ.ಐ.’ ಎಂಬ ಟಿ.ವಿ. ಧಾರಾವಾಹಿಯಲ್ಲಿ (1980–88) ಟಾಮ್ ಸೆಲ್ಲೆಕ್ ಹವಾಯಿಯ ರಸ್ತೆಗಳಲ್ಲಿ ಆ ಕೆಂಪು ಕಾರನ್ನು ಓಡಿಸುವುದನ್ನು ಯೌವನದಲ್ಲಿ ಕಂಡು ಮರುಳಾಗಿ, ಮಕ್ಕಳ ಕಾಲೇಜು ಶುಲ್ಕ ತೀರಿದ ಮೇಲೆ ಅದನ್ನು ಕೊಂಡವನು. ಸೆಲ್ಲೆಕ್‌ನಂಥ ಮೀಸೆಯನ್ನು ಅದಕ್ಕೂ ಮೊದಲೇ ಬಿಟ್ಟಿರುತ್ತಾನೆ.

ಈತನ ಏಕೈಕ ಧರ್ಮ ಅಸಲಿತನ. ಎಂದರೆ ಇಟಲಿಯ ಮರನೆಲ್ಲೊದ ಫೆರಾರಿ ಕಾರ್ಖಾನೆಯಿಂದ ಹೊರಬಿದ್ದ ದಿನ ಕಾರು ಹೇಗಿತ್ತೋ ಇಂದೂ ಹಾಗೆಯೇ ಇರಬೇಕು, ಒಂದು ಸ್ಕ್ರೂವಿನ ತಲೆಯೂ ಬದಲಾಗಬಾರದು ಎಂಬ ನಂಬಿಕೆ. ಈ ನಂಬಿಕೆಗೆ ಬಂದೊದಗುವ ಅಗ್ನಿಪರೀಕ್ಷೆಯೇ ಫ್ಯೂಸ್ ಪ್ಯಾನೆಲ್. ದೀಪ, ಫ್ಯಾನ್ ಮುಂತಾದವುಗಳಿಗೆ ಹೋಗುವ ವಿದ್ಯುತ್ತೆಲ್ಲ ಈ ಪ್ಲಾಸ್ಟಿಕ್ ಹಲಗೆಯ ಮೂಲಕವೇ ಹಾಯಬೇಕು. ಅದರ ಲೋಹದ ಪಟ್ಟಿಗಳನ್ನು ರಿವೆಟ್ ಹೊಡೆದು ಕೂಡಿಸಿರುತ್ತಾರೆ. ದಶಕಗಳು ಕಳೆದಂತೆ ರಿವೆಟ್ ಸಡಿಲಾಗಿ ಕಿಲುಬು ಹಿಡಿಯುತ್ತದೆ, ಸಂದಿನಲ್ಲಿ ರೋಧ ಹುಟ್ಟುತ್ತದೆ. ಆ ರೋಧ ಬರೀ 0.1 ಓಮ್ ಇದ್ದರೂ 15 ಆಂಪಿಯರ್ ಹರಿದಾಗ ಅಲ್ಲಿ 22.5 ವ್ಯಾಟ್ ಶಾಖ ಏಳುತ್ತದೆ. ರೇಡಿಯೊ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್‌ಗೆ ಸಾಲುವಷ್ಟು. ವಿಪರ್ಯಾಸವೆಂದರೆ ಫ್ಯೂಸ್ ಮಾತ್ರ ಹಾರುವುದಿಲ್ಲ. ಅದು ಹಾರುವುದು ಪ್ರವಾಹ ಮಿತಿಮೀರಿದಾಗ; ಇಲ್ಲಿಯೋ ರೋಧ ಹೆಚ್ಚಿದಷ್ಟೂ ಪ್ರವಾಹ ತಗ್ಗುತ್ತದೆ. ಹೀಗಾಗಿ ಕಾವಲಿಗೆಂದು ಕೂರಿಸಿದ ಫ್ಯೂಸ್ ಸುಕ್ಷೇಮವಾಗಿದ್ದು, ಅದನ್ನು ಹೊತ್ತ ಹಲಗೆ ಕರಗಿಹೋಗುತ್ತದೆ.

ಅಪಾಯವನ್ನು ಮೊದಲು ಅರಿಯುವವಳು ಹೆಂಡತಿ, ಏಕೆಂದರೆ ಪ್ಯಾನೆಲ್ ಇರುವುದು ಅವಳ ಕಾಲ ಬಳಿ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತಿದೆ ಎಂದು ಅವಳು ಹೇಳಿದರೆ, ಇಟಾಲಿಯನ್ ಕಾರುಗಳಿಗೆ ಅವುಗಳದೇ ಆದ ಪರಿಮಳವಿರುತ್ತದೆಂದು ಈತ ಸಮಾಧಾನ ಹೇಳುತ್ತಾನೆ. ಹೊತ್ತಿಸಿದಾಗ ಮೇಲೇಳಬೇಕಾದ ಹೆಡ್‌ಲೈಟುಗಳಲ್ಲೊಂದು ಮಾತ್ರ ಎದ್ದು ಇನ್ನೊಂದು ಮಲಗಿಯೇ ಇದ್ದಾಗಲೂ ಅದು ಕಾರಿನ ವ್ಯಕ್ತಿತ್ವವೇ. ಕಾಲ ಬಳಿ ಹೊಗೆ ಕಂಡು ಅವಳು ಟ್ಯಾಕ್ಸಿ ಹಿಡಿದು ಮನೆಗೆ ಹೋದ ದಿನ, ಚಪ್ಪಟೆ ಬ್ಲೇಡ್ ಫ್ಯೂಸ್‌ಗಳನ್ನು ಹಿಡಿಯುವ, ರಿವೆಟ್ಟಿನ ಗೊಡವೆಯಿಲ್ಲದ ಹೊಸ ಪ್ಯಾನೆಲ್‌ಗೆ ಈತ ಗುಟ್ಟಾಗಿ ಆರ್ಡರ್ ಕೊಡುತ್ತಾನೆ.

ಜೋಡಣೆ ಬುದ್ಧಿವಂತಿಕೆಗಿಂತ ಹೆಚ್ಚಾಗಿ ಬೆನ್ನುಮೂಳೆಯ ಕೆಲಸ. ಬ್ಯಾಟರಿಯ ತಂತಿ ಕಳಚಿ, ಪ್ರತಿಯೊಂದು ವೈರಿಗೂ ಚೀಟಿ ಅಂಟಿಸಿ, ಫೋಟೊ ತೆಗೆದು, ಆಮೇಲೆ ಒಂದೊಂದನ್ನೇ ಹಳೆಯ ಪ್ಯಾನೆಲ್ಲಿಂದ ಹೊಸದಕ್ಕೆ ಸಾಗಿಸಬೇಕು. ಇದಕ್ಕಾಗಿ ಈತ ಸೀಟಿನ ಮೇಲೆ ತಲೆಕೆಳಗಾಗಿ, ಕನ್ನಡಕ ಹಣೆಗೆ ಜಾರುತ್ತಿರಲು, ಬಾಯಲ್ಲಿ ಟಾರ್ಚು ಕಚ್ಚಿ ಮಲಗುತ್ತಾನೆ. ಈತನದು 1977ರಲ್ಲಿ ಬಂದ, ಚಾವಣಿಯನ್ನು ಕಳಚಿಡಬಹುದಾದ 308 ಜಿ.ಟಿ.ಎಸ್. ಮಾದರಿಯಾದ್ದರಿಂದ ಎರಡು ಕಾಲುಗಳು ಆಕಾಶದತ್ತ ಚಾಚಿಕೊಂಡಿರುತ್ತವೆ. ನೆರೆಯವರು ಮಾತನಾಡುವುದೂ ಆ ಕಾಲುಗಳೊಂದಿಗೇ.

ಕರಗಿದ ಹಳೆಯ ಪ್ಯಾನೆಲ್ಲನ್ನು ಈತ ಎಸೆಯುವುದಿಲ್ಲ; ಮೃದುವಾದ ಬಟ್ಟೆಯಲ್ಲಿ ಸುತ್ತಿಡುತ್ತಾನೆ. ಕಾರುಗಳ ಅಂದ ಮತ್ತು ಅಸಲಿತನಕ್ಕೆ ಅಂಕ ನೀಡುವ ಕಾಂಕೂರ್ ಸ್ಪರ್ಧೆ ಸಮೀಪಿಸಿದಾಗ ಮತ್ತೆ ತಲೆಕೆಳಗಾಗಿ ಅದನ್ನೇ ಜೋಡಿಸಿ, ಹೊತ್ತಿಕೊಂಡೀತೆಂಬ ಭಯದಿಂದ ಕಾರನ್ನು ಟ್ರೇಲರ್ ಮೇಲೇರಿಸಿ ಮೈದಾನಕ್ಕೆ ಒಯ್ಯುತ್ತಾನೆ. ತೀರ್ಪುಗಾರನು ಎಂಜಿನ್ನಿನತ್ತ ಬಾಗಿ, ರೇಡಿಯೇಟರ್ ಪೈಪಿನ ಕ್ಲಿಪ್ಪು ಅಸಲಿಯಲ್ಲವೆಂದು ಅರ್ಧ ಅಂಕ ಕಳೆದು, ಫ್ಯೂಸ್ ಪ್ಯಾನೆಲ್ಲಿನತ್ತ ಕಣ್ಣನ್ನೂ ಹಾಯಿಸದೆ ಮುಂದಿನ ಕಾರಿಗೆ ಸಾಗುತ್ತಾನೆ.