ಕಪೋತ ಮೀಮಾಂಸೆ ಅಥವಾ ಆಲುವದ ಲಾಟರಿ ಕಟ್ಟೆಗೊಂದು ಭಾಷ್ಯ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ನಾಲ್ಕು ಸಂಗತಿಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕೆಂದು ಹಿರಿಯರು ವಿಧಿಸಿದ್ದಾರೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ, ಪಾರಿವಾಳದ ಬುದ್ಧಿ. ಪ್ರಯೋಜನ, ಸದ್ಯಕ್ಕೆ ಪಾರಿವಾಳಕ್ಕಂತೂ ಏನೂ ಇಲ್ಲ. ಸಂಬಂಧ, ಕಾಳಿಗೂ ಕೊಕ್ಕಿಗೂ ಇರುವಂಥದ್ದು. ಇನ್ನು ಅಧಿಕಾರಿ. ಮಿಕ್ಕ ಶಾಸ್ತ್ರಗಳಲ್ಲಿ ಶಮದಮಾದಿ ಸಂಪತ್ತುಳ್ಳವನಿಗೆ ಮಾತ್ರ ಓದುವ ಅಧಿಕಾರ. ಈ ಶಾಸ್ತ್ರದಲ್ಲಿ, ಕೇರಳದ ಆಲುವದ ಬಸ್‌ಸ್ಟ್ಯಾಂಡಿನ ಬಳಿ ಜೇಬಿನಲ್ಲಿ ಐವತ್ತೇ ರೂಪಾಯಿ ಇಟ್ಟುಕೊಂಡು, ಊಟ ಮಾಡಲೋ ಲಾಟರಿ ಟಿಕೆಟ್ ಕೊಳ್ಳಲೋ ಎಂದು ತೂಗುತ್ತ ನಿಂತವನೇ ಅಧಿಕಾರಿ. ಬೇರೆ ಯಾರು ಓದಿದರೂ ಇದು ಬರೀ ಪಕ್ಷಿಪುರಾಣ.

ಇಲ್ಲಿ ಪೂರ್ವಪಕ್ಷಿ ರೆಕ್ಕೆ ಬಡಿಯುತ್ತಾನೆ. ಪಾರಿವಾಳದ ಪ್ರಯೋಗಶಾಲೆಗಳು ಅಮೆರಿಕದಲ್ಲಿ, ಜಪಾನಿನಲ್ಲಿ ಇವೆಯಲ್ಲ, ಪೆರಿಯಾರ್ ದಂಡೆಯಲ್ಲಿ ಏನಿದೆ? ಸಮಾಧಾನ: ಆಲುವದ ಮಣಪ್ಪುರವಿದೆ. ಶಿವರಾತ್ರಿಯ ಜಾಗರಣೆ ಮುಗಿಸಿದ ಜನ ಆ ಮರಳ ದಿಣ್ಣೆಯ ಮೇಲೆ ಪಿತೃಗಳಿಗೆ ಬಲಿ ಇಟ್ಟು, ಒದ್ದೆ ಕೈಯಲ್ಲಿ ಚಪ್ಪಾಳೆ ತಟ್ಟುತ್ತಾರೆ, ಕಾಗೆ ಬರುತ್ತದೆ. ಮೊದಲು ಸದ್ದು, ಆಮೇಲೆ ಅನ್ನ. ಇದೇ ಕ್ರಮವನ್ನು ರಷ್ಯದ ಪಾವ್ಲೋವ್ ನಾಯಿಗಳ ಮೇಲೆ ನಿರೂಪಿಸಿ ಲೋಕವಿಖ್ಯಾತನಾದ. 1904ರಲ್ಲಿ ಅವನಿಗೆ ನೊಬೆಲ್ ಬಂದದ್ದು ಮಾತ್ರ ಜೀರ್ಣಾಂಗಗಳ ಅಧ್ಯಯನಕ್ಕೆ. ಎಂದರೆ, ಸದ್ದಿಗೆ ಬಹುಮಾನ ಸಿಗಲಿಲ್ಲ, ಅನ್ನಕ್ಕೇ ಸಿಕ್ಕಿತು. ಕಾಗೆಯ ಅಭಿಪ್ರಾಯವೂ ಇದಕ್ಕಿಂತ ಭಿನ್ನವಾಗಿರಲಾರದು.

ಅದೇ 1904ರಲ್ಲಿ ಕೊಚ್ಚಿಯ ಮಟ್ಟಾಂಚೇರಿಯಲ್ಲಿ, ಗುಜರಾತಿ ರಸ್ತೆಯಲ್ಲಿ, ಧರ್ಮನಾಥ ಜೈನಮಂದಿರ ಕಟ್ಟಿದರು. ಅಲ್ಲಿ ಮಧ್ಯಾಹ್ನ ಹನ್ನೆರಡೂಕಾಲರ ಸುಮಾರಿಗೆ ಗಂಟೆ ಬಾರಿಸಿ ಪಾರಿವಾಳಗಳಿಗೆ ಕಾಳು ಹಾಕುವ ರೂಢಿ. ಗಂಟೆ ಕೇಳಿದ ಹಿಂಡು ನೇರ ಇಳಿಯುವುದಿಲ್ಲ. ಶಿಖರದ ಸುತ್ತ ಸುತ್ತಿ ಆಮೇಲೆ ಅಂಗಳಕ್ಕೆ ಬರುತ್ತದೆ. ಸುತ್ತು ಮೂರೇ ಎಂದು ಪ್ರತೀತಿ. ಭಕ್ತರು ಇದನ್ನು ಪ್ರದಕ್ಷಿಣೆ ಎನ್ನುತ್ತಾರೆ. ಇದು ಈ ಶಾಸ್ತ್ರದ ಮೊದಲ ವಿವಾದಸ್ಥಾನ, ಏಕೆಂದರೆ ಪಾರಿವಾಳ ಪ್ರದಕ್ಷಿಣೆ ಹಾಕುವ ಇನ್ನೊಂದು ಕ್ಷೇತ್ರವೂ ವಾಙ್ಮಯದಲ್ಲಿ ದಾಖಲಾಗಿದೆ. ಅದೊಂದು ಪೆಟ್ಟಿಗೆ.

ಪೆಟ್ಟಿಗೆಯ ಸ್ಥಾಪಕರು ಅಮೆರಿಕದ ಬಿ. ಎಫ್. ಸ್ಕಿನ್ನರ್, ಇನ್ನು ಮುಂದೆ ಗೌರವಾರ್ಥ ಸ್ಕಿನ್ನರಾಚಾರ್ಯರು. ಎರಡನೇ ಮಹಾಯುದ್ಧದಲ್ಲಿ ಪಾರಿವಾಳಗಳನ್ನು ಕ್ಷಿಪಣಿಯ ಮೂತಿಯಲ್ಲಿ ಕೂರಿಸಿ, ಕೊಕ್ಕಿನಿಂದ ಗುರಿ ಕುಟ್ಟಿಸಿ ಹಡಗಿಗೆ ಗುದ್ದಿಸುವ ಯೋಜನೆಯನ್ನು ಸರ್ಕಾರಕ್ಕೆ ಒಪ್ಪಿಸಿದ್ದ ಮಹನೀಯರು. ಹಕ್ಕಿ ತನ್ನ ಪಾಲಿನ ಕೆಲಸ ಚೆನ್ನಾಗಿಯೇ ಕಲಿತಿತ್ತು; 1944ರಲ್ಲಿ ಸರ್ಕಾರವೇ ಹಿಂದೆ ಸರಿಯಿತು. (ಪಾರಿವಾಳಕ್ಕೆ ಸರ್ಕಾರಿ ನೌಕರಿ ಕೊಟ್ಟು ದಶಕಗಟ್ಟಲೆ ಉಳಿಸಿಕೊಂಡ ಕೀರ್ತಿ ನಮ್ಮ ಒಡಿಶಾ ಪೊಲೀಸರದು, 1946ರಿಂದ. ಪಿಂಚಣಿಯ ವಿಚಾರ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.)

1948ರಲ್ಲಿ ಆಚಾರ್ಯರು ಎಂಟು ಪಾರಿವಾಳಗಳನ್ನು ಅರೆಹೊಟ್ಟೆಯಲ್ಲಿಟ್ಟು, ಅವುಗಳ ತೂಕವನ್ನು ಮುಕ್ಕಾಲಿಗೆ ಇಳಿಸಿ, ಒಂದೊಂದನ್ನೂ ಪೆಟ್ಟಿಗೆಗೆ ಬಿಟ್ಟು, 15 ಸೆಕೆಂಡಿಗೊಮ್ಮೆ ಕಾಳು ಬರುವಂತೆ ಯಂತ್ರ ತಿರುಗಿಸಿದರು. ಹಕ್ಕಿ ಏನು ಮಾಡಿದರೂ ಕಾಳು, ಏನೂ ಮಾಡದಿದ್ದರೂ ಕಾಳು. ಎಂಟರಲ್ಲಿ ಆರು ಹಕ್ಕಿಗಳು ಸುಮ್ಮನೆ ಕೂರಲಿಲ್ಲ. ಕಾಳು ಬಿದ್ದ ಗಳಿಗೆಯಲ್ಲಿ ತಾನು ಮಾಡುತ್ತಿದ್ದುದರಿಂದಲೇ ಕಾಳು ಬಿತ್ತೆಂದು ಬಗೆದು, ಒಂದು ಮೂಲೆಗೆ ತಲೆ ಚುಚ್ಚತೊಡಗಿತು, ಇನ್ನೊಂದು ಲೋಲಕದಂತೆ ತೂಗಿತು, ಮತ್ತೊಂದು ಪೆಟ್ಟಿಗೆಯೊಳಗೇ ಸುತ್ತು ಹಾಕಿತು. ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ನಮ್ಮ ನೈಯಾಯಿಕರು ಇದನ್ನು ಪೆಟ್ಟಿಗೆಯ ಖರ್ಚಿಲ್ಲದೆ ಸಾಧಿಸಿದ್ದರು. ಆದರೆ ಅವರು ನೋಡಿದ್ದು ಕೂತ ಕಾಗೆಯನ್ನು. ಹಣ್ಣು ಬಿದ್ದ ಮೇಲೆ ಅದೇ ಕಾಗೆ ಮರುದಿನವೂ ಬಂದು ಅದೇ ಗರಿಯ ಮೇಲೆ ಅದೇ ಭಂಗಿಯಲ್ಲಿ ಕೂತಿತೆಂಬುದನ್ನು ಬರೆದಿಟ್ಟವರು ಆಚಾರ್ಯರು.

ಮಟ್ಟಾಂಚೇರಿಯ ಹಿಂಡೂ ಹಾಗಾದರೆ ಮೂಢನಂಬಿಕೆಯದೇ? ಅವಸರ ಬೇಡ. ಆಚಾರ್ಯರ ಹಕ್ಕಿ ಸುತ್ತುತ್ತಿದ್ದುದು ಗಡಿಯಾರದ ಮುಳ್ಳಿಗೆ ಎದುರಾಗಿ, ಎಂದರೆ ಅಪ್ರದಕ್ಷಿಣೆ. ಶಾಸ್ತ್ರಸಮ್ಮತವಲ್ಲದ ಆ ಸುತ್ತನ್ನು ದೇವಸ್ಥಾನದ ಹಕ್ಕಿಗಳಿಗೆ ಅನ್ವಯಿಸುವುದು ಅತಿವ್ಯಾಪ್ತಿ ದೋಷ. ಮೇಲಾಗಿ 1971ರಲ್ಲಿ ಸ್ಟ್ಯಾಡನ್ ಮತ್ತು ಸಿಮಲ್‌ಹ್ಯಾಗ್ ಅದೇ ಪ್ರಯೋಗವನ್ನು ಮತ್ತೆ ಮಾಡಿ, ಕಾಳಿನ ಹೊತ್ತು ಹತ್ತಿರವಾದಂತೆ ಹಕ್ಕಿಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಕುಟುಕಲು ತೊಡಗುತ್ತವೆ, ಮಿಕ್ಕ ಕುಣಿತವೆಲ್ಲ ನಡುವಿನ ಬಿಡುವು ಕಳೆಯುವ ಉಪಾಯ ಎಂದು ಖಂಡಿಸಿದ್ದಾರೆ. ಊಟಕ್ಕೆ ಎಲೆ ಹಾಕುವ ಮುನ್ನ ಮದುವೆಮನೆಯ ಅಂಗಳದಲ್ಲಿ ಶತಪಥ ಹಾಕುವವರನ್ನು ಕಂಡವರಿಗೆ ಈ ಖಂಡನೆ ಕೂಡಲೇ ಮನದಟ್ಟಾಗುತ್ತದೆ.

ಚಿತ್ರಕಲೆ, ವೈದ್ಯಗಳ ವಿಷಯವನ್ನು ಬೇಗ ಮುಗಿಸುತ್ತೇನೆ. 1995ರಲ್ಲಿ ಜಪಾನಿನ ವತನಬೆ ಮತ್ತು ಸಂಗಡಿಗರು ಪಾರಿವಾಳಗಳಿಗೆ ಮೋನೆಯನ್ನೂ ಪಿಕಾಸೊವನ್ನೂ ಬೇರೆಬೇರೆಯಾಗಿ ಗುರುತಿಸಲು ಕಲಿಸಿದರು. ಮೋನೆಯ ಚಿತ್ರ ತಲೆಕೆಳಗಾಗಿ ಹಿಡಿದರೆ ಹಕ್ಕಿ ತಬ್ಬಿಬ್ಬಾಯಿತು; ಪಿಕಾಸೊ ತಲೆಕೆಳಗಾದರೂ ಅದಕ್ಕೆ ಯಾವ ತೊಂದರೆಯೂ ಆಗಲಿಲ್ಲ. ಕಲಾವಿಮರ್ಶೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ತೀರ್ಪನ್ನು ಈ ಪ್ರಬಂಧಕಾರ ಓದಿಲ್ಲ. ತಿರುವನಂತಪುರದ ಗ್ಯಾಲರಿಯಲ್ಲಿ ರವಿವರ್ಮನ ಮೂಲಚಿತ್ರಗಳ ಮುಂದೆ ನಿಂತು, ನಮ್ಮನೆ ಕ್ಯಾಲೆಂಡರಿನಲ್ಲೂ ಇದೇ ಇತ್ತು ಎನ್ನುವವರ ಬದಲು ಹಕ್ಕಿಗಳನ್ನು ಬಿಡಬಹುದೆಂದು ಶಿಫಾರಸು. 2015ರಲ್ಲಿ ಸ್ತನ ಕ್ಯಾನ್ಸರಿನ ಸ್ಲೈಡುಗಳನ್ನು ಪಾರಿವಾಳಗಳ ಮುಂದಿಟ್ಟರು. ಎರಡು ವಾರದ ತರಬೇತಿಯಲ್ಲಿ ಒಂದೊಂದು ಹಕ್ಕಿ ಸುಮಾರು ಶೇಕಡಾ 85 ಸರಿ ಹೇಳಿತು. ಹಿಂಡಿನ ಮತ ಒಟ್ಟುಗೂಡಿಸಿದರೆ 99. ಬಹುಮತ ಯಾವಾಗಲೂ ಸರಿ ಎಂಬ ವಾದಕ್ಕೆ ಪಾರಿವಾಳಗಳಿಂದಾಚೆ ಇಂಥ ಬೆಂಬಲ ಸಿಕ್ಕಿದ್ದು ಕಡಿಮೆ.

ಈಗ ಕಠಿಣ ಪ್ರಕರಣ. ಮಣಪ್ಪುರದಲ್ಲಿ ಶಿವರಾತ್ರಿಯ ನಂತರ ನಡೆಯುವ ಮೇಳದಲ್ಲಿ ಅಂಗಡಿಯವನೊಬ್ಬ ಮೂರು ಡಬ್ಬ ಬೋರಲಿಟ್ಟು, ಒಂದರಡಿ ಉಂಗುರ ಇಟ್ಟಿದ್ದಾನೆಂದು ಭಾವಿಸಿ. ನೀವು ಒಂದು ಡಬ್ಬದ ಮೇಲೆ ಕೈಯಿಟ್ಟಿರಿ. ಉಂಗುರ ಎಲ್ಲಿದೆಯೆಂದು ಬಲ್ಲ ಅವನು ಮಿಕ್ಕೆರಡರಲ್ಲಿ ಖಾಲಿಯದೊಂದನ್ನು ಎತ್ತಿ ತೋರಿಸಿ, ‘ಬದಲಿಸುತ್ತೀರಾ ಸಾರ್?’ ಎನ್ನುತ್ತಾನೆ. ಬದಲಿಸಿದರೆ ಗೆಲ್ಲುವ ಸಂಭವ ಮೂರರಲ್ಲಿ ಎರಡು. ಅಂಟಿಕೊಂಡರೆ ಮೂರರಲ್ಲಿ ಒಂದು. ಇದನ್ನು 1990ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಮ್ಯಾರಿಲಿನ್ ವೋಸ್ ಸಾವಂಟ್ ಸರಿಯಾಗಿ ವಿವರಿಸಿದ್ದಕ್ಕೆ ಸಾವಿರಾರು ಮಂದಿ ಓದುಗರು ಬೈದು ಬರೆದರು. ಅವರಲ್ಲಿ ಸಾವಿರದಷ್ಟು ಮಂದಿ ಪಿಎಚ್‌ಡಿ ಪಡೆದವರು. 2010ರಲ್ಲಿ ಹರ್‌ಬ್ರಾನ್ಸನ್ ಮತ್ತು ಶ್ರೋಡರ್ ಇದೇ ಆಟವನ್ನು ಪಾರಿವಾಳಗಳಿಗೆ ಆಡಿಸಿದರು. ಮೊದಲ ದಿನ ಸುಮಾರು ಶೇಕಡಾ 36 ಸಲ ಬದಲಿಸುತ್ತಿದ್ದ ಹಕ್ಕಿಗಳು ಮೂವತ್ತನೆಯ ದಿನಕ್ಕೆ ಶೇಕಡಾ 96 ಸಲ ಬದಲಿಸುತ್ತಿದ್ದವು. ಇನ್ನೂರು ಸಲ ಆಡಿದ ಕಾಲೇಜು ವಿದ್ಯಾರ್ಥಿಗಳು ಮೂರರಲ್ಲಿ ಎರಡು ಸಲದ ಆಸುಪಾಸಿನಲ್ಲೇ ಉಳಿದರು. ಕಾರಣ ಸರಳ. ಹಕ್ಕಿ ಕಾಳನ್ನು ಎಣಿಸಿತು. ಮನುಷ್ಯ ಯೋಚಿಸಿದ.

ಇಷ್ಟಾದ ಮೇಲೆ ಪೂರ್ವಪಕ್ಷಿ, ಪಾರಿವಾಳವೇ ನಮಗಿಂತ ಜಾಣ, ಶಾಸ್ತ್ರ ಮುಗಿಯಿತು ಎಂದು ಏಳಬಹುದು. ಕೂರಪ್ಪ. ಆಲುವದ ಕಟ್ಟೆಗೆ ನಾವಿನ್ನೂ ಬಂದಿಲ್ಲ.

ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಝೆಂಟಾಲ್ ಎಂಬ ವಿದ್ವಾಂಸರಿದ್ದಾರೆ. ಅವರೂ ಅವರ ಶಿಷ್ಯೆ ಸ್ಟ್ಯಾಗ್ನರ್ ಅವರೂ 2010ರಲ್ಲಿ ಹಕ್ಕಿಯ ಮುಂದೆ ಎರಡು ಅಂಗಡಿ ತೆರೆದರು. ಒಂದರಲ್ಲಿ ಯಾವ ಬಣ್ಣದ ದೀಪ ಹತ್ತಿದರೂ ಸರಾಸರಿ ಎರಡಕ್ಕೊಂದು ಸಲ ಕಾಳು. ಇನ್ನೊಂದರಲ್ಲಿ ಐದಕ್ಕೊಂದು ಸಲ ಮಾತ್ರ ಒಂದು ಬಣ್ಣದ ದೀಪ, ಅದು ಹತ್ತಿದರೆ ಕಾಳು ಬಂದೇ ಬರುತ್ತದೆ. ಮಿಕ್ಕ ನಾಲ್ಕು ಸಲ ಬೇರೆ ಬಣ್ಣ, ಬರೀ ಸೊನ್ನೆ. ಲೆಕ್ಕಕ್ಕೆ ಮೊದಲ ಅಂಗಡಿಯಲ್ಲಿ ಎರಡೂವರೆ ಪಟ್ಟು ಕಾಳು. ಮೂರು ಡಬ್ಬದ ಆಟದಲ್ಲಿ ಪಿಎಚ್‌ಡಿಗಳನ್ನು ಸೋಲಿಸಿದ ಜಾತಿಯ ಹಕ್ಕಿ ಎರಡನೆಯ ಅಂಗಡಿಗೇ ಮತ್ತೆ ಮತ್ತೆ ಹೋಯಿತು. ಆ ಒಂದು ದೀಪದ ಮುಂದೆ ನಾಲ್ಕು ಸೊನ್ನೆಗಳು ಅದಕ್ಕೆ ಕಾಣಲೇ ಇಲ್ಲ.

ಎರಡನೆಯ ಅಂಗಡಿಗೆ ಕೇರಳದಲ್ಲಿ ಸರ್ಕಾರಿ ಮೊಹರಿದೆ. 1967ರಲ್ಲಿ ದೇಶಕ್ಕೇ ಮೊದಲು ಸರ್ಕಾರವೇ ಲಾಟರಿ ಇಲಾಖೆ ತೆರೆಯಿತು. 1968ರ ಜನವರಿ 26ರ ಮೊದಲ ಡ್ರಾಕ್ಕೆ ಟಿಕೆಟ್ ಒಂದು ರೂಪಾಯಿ, ಮೊದಲ ಬಹುಮಾನ 50,000. ಈಗ ದಿನಕ್ಕೊಂದು ಲಾಟರಿ, ಅವುಗಳಲ್ಲಿ ಒಂದರ ಹೆಸರು ಕಾರುಣ್ಯ. ‘ನಾಳೆಯಾಣು, ನಾಳೆಯಾಣು’ ಎಂದು ಮೈಕಿನಲ್ಲಿ ಕೂಗುವ ಮಾರಾಟಗಾರರ ಪಾಠವನ್ನು ಭಾಷಾಜ್ಞಾನವಿಲ್ಲದವರೂ ಗ್ರಹಿಸುತ್ತಾರೆ: ಬರುವ ಕಾಳು ನಾಳೆಯದು. ಚಕ್ರ ತಿರುಗುವುದು ತಿರುವನಂತಪುರದ ಬೇಕರಿ ಜಂಕ್ಷನ್ ಹತ್ತಿರದ ಗೋರ್ಕಿ ಭವನದಲ್ಲಿ. ರಷ್ಯದ ಬಡವರ ಕತೆಗಾರನ ಹೆಸರಿನ ಕಟ್ಟಡದಲ್ಲಿ ಕೋಟಿಪತಿಯನ್ನು ಆರಿಸುವ ಔಚಿತ್ಯವನ್ನು ಕುರಿತು ಬೇರೆಯೇ ಪ್ರಬಂಧ ಬೇಕು. ಅಲ್ಲಿಂದ ಕೋಟೆಯ ಕಡೆ ಹೋದರೆ ಪದ್ಮನಾಭಸ್ವಾಮಿ ಗೋಪುರದ ಪಾರಿವಾಳಗಳು. ಸಮೀಪದಲ್ಲೇ ಮೇತ್ತನ್ ಮಣಿ ಎಂಬ ಗಡಿಯಾರ. ಗಂಟೆಗೊಮ್ಮೆ ಅದರ ಗಡ್ಡದವನು ಬಾಯಿ ತೆರೆಯುತ್ತಾನೆ, ಇಕ್ಕೆಲದ ಟಗರುಗಳು ಅವನ ಕೆನ್ನೆಗೆ ಹಾಯುತ್ತವೆ. ಬಾಯಿ ತೆರೆದವನಿಗೆ ಸಿಗುವುದು ಇಷ್ಟೇ ಎಂದು ಇಷ್ಟು ನೇರವಾಗಿ ಸಾರುವ ಯಂತ್ರ ಊರಿನಲ್ಲಿ ನಿಂತಿದ್ದರೂ ಟಿಕೆಟ್ ವ್ಯಾಪಾರ ತಗ್ಗಿಲ್ಲ.

ಕನ್ನಡಿಗರು ಇದನ್ನು ಮಲಯಾಳಿಗಳ ಖಯಾಲಿ ಎಂದು ನಗುವ ಹಾಗಿಲ್ಲ. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿದ ಮೇಲೆ ನಮ್ಮ ಹಿಂಡು ತಲಪಾಡಿ ದಾಟಿ ಕಾಳು ಹುಡುಕುತ್ತಿದೆ. 2024ರ ಓಣಂ ಬಂಪರಿನ 25 ಕೋಟಿ ಬಂದದ್ದು ಮಂಡ್ಯ ಜಿಲ್ಲೆಯವರೊಬ್ಬರಿಗೆ. ಆ ದೀಪ ಹತ್ತಿದ್ದನ್ನು ಎಲ್ಲ ಕನ್ನಡ ಪತ್ರಿಕೆಗಳೂ ಬರೆದವು. ಹತ್ತದ ದೀಪಗಳ ಬಗ್ಗೆ ಬರೆಯಲು ಯಾವ ಪತ್ರಿಕೆಗೂ ಅಷ್ಟು ಪುಟಗಳಿಲ್ಲ.

ಹಕ್ಕಿ ಹೀಗೇಕೆ ಮಾಡಿತು? ಉತ್ತರ ಆಚಾರ್ಯರ ಕಾಲದಿಂದಲೂ ಪೆಟ್ಟಿಗೆಯ ಪಕ್ಕದ ತಕ್ಕಡಿಯಲ್ಲೇ ಇತ್ತು. ಪಾರಿವಾಳದ ಬುದ್ಧಿ ಅಳೆಯುವ ಪ್ರಯೋಗಗಳು ಸಾಮಾನ್ಯವಾಗಿ ಶುರುವಾಗುವುದೇ ಅದನ್ನು ಹಸಿವಿಗೆ ಹಾಕಿ ತೂಕ ಇಳಿಸುವುದರಿಂದ. 2012ರಲ್ಲಿ ಅದೇ ಕೆಂಟಕಿಯ ತಂಡ ಕೆಲವು ಹಕ್ಕಿಗಳಿಗೆ ಹಸಿವು ತಗ್ಗುವಷ್ಟು ಕಾಳು ಕೊಟ್ಟು ನೋಡಿತು. ಹಸಿದವು ಎಂದಿನಂತೆ ಎರಡನೆಯ ಅಂಗಡಿಗೆ ಹೋದವು. ಹಸಿವು ಕಡಿಮೆಯಿದ್ದವು ಸುಮ್ಮನೆ ಮೊದಲ ಅಂಗಡಿಯಲ್ಲಿ ವ್ಯಾಪಾರ ಮಾಡಿದವು. ಮರುವರ್ಷ ಇನ್ನೊಂದು ಪ್ರಯೋಗ: ದಿನವೂ ಕೆಲ ಹೊತ್ತು ದೊಡ್ಡ ಪಂಜರದಲ್ಲಿ ಜೊತೆಗಾರರೊಂದಿಗೆ ಬಿಟ್ಟ ಹಕ್ಕಿಗಳೂ ಒಂಟಿ ಗೂಡಿನವುಗಳಷ್ಟು ಬೇಗ ಜೂಜಿಗೆ ಬೀಳಲಿಲ್ಲ.

ಆದ್ದರಿಂದ ಸಿದ್ಧಾಂತ: ಆಲುವದ ಕಟ್ಟೆಯಲ್ಲಿ ನಿಂತವನ ದಡ್ಡತನವನ್ನು ಕುರಿತು ಈವರೆಗೆ ಆಗಿರುವ ಉಪನ್ಯಾಸಗಳೆಲ್ಲ ಅಪ್ರಮಾಣ. ಉಪನ್ಯಾಸ ಮಾಡಿದವರು ಊಟ ಮಾಡಿ ಬಂದಿದ್ದರು.

ಅಧಿಕಾರಿಯಾದ ಓದುಗನಿಗೆ ಒಂದು ವಿನಂತಿ. ಟಿಕೆಟ್ ಬೇಕೇ ಬೇಕೆಂದಿದ್ದರೆ ಕೊಳ್ಳಿ, ಶಾಸ್ತ್ರ ಅಡ್ಡ ಬರುವುದಿಲ್ಲ. ಆದರೆ ಊಟ ಮಾಡಿ ಕೊಳ್ಳಿ. ಡ್ರಾ ಮಧ್ಯಾಹ್ನ ಮೂರಕ್ಕೆ. ಊಟ ಹನ್ನೆರಡೂವರೆಗೆಲ್ಲ ತಯಾರಿರುತ್ತದೆ.