ಎಸ್‌ಟಿ ಅಂದರೆ ಯಾವ ಎಸ್‌ಟಿ?

ಮಹಾರಾಷ್ಟ್ರದ ಸಿಲ್ಲೋಡಿನಲ್ಲಿ ಎಸ್‌ಟಿ ಅಂದರೆ ಬಸ್ಸು. ನಮ್ಮ ತಾಲ್ಲೂಕು ಕಚೇರಿಯಲ್ಲಿ ಎಸ್‌ಟಿ ಅಂದರೆ ಪರಿಶಿಷ್ಟ ಪಂಗಡ. ಹಳೇ ಸಾಹುಕಾರರ ಖಾತೆ ಪುಸ್ತಕದಲ್ಲಿ ಅದು ಸೇಲ್ಸ್ ಟ್ಯಾಕ್ಸ್. ಇಸಿಜಿ ಹಾಳೆ ಹಿಡಿದ ಡಾಕ್ಟರಿಗೆ ಅದು ಎದೆಬಡಿತದ ಒಂದು ತುಂಡು ಗೆರೆ.

ನಾಲ್ಕು ಕಡೆ ನಾಲ್ಕು ಅರ್ಥ. ಗೊಂದಲವಾಗಬೇಕಿತ್ತು. ಆಗುವುದಿಲ್ಲ. ಯಾವ ಎಸ್‌ಟಿಯಾದರೂ ಸಾಲಿನಲ್ಲಿ ನಿಂತು ಕಾಯುವವನು ಬಡವನೊಬ್ಬನೇ.

ಸಿಲ್ಲೋಡ್ ಇರುವುದು ಜಳಗಾಂವ್ ಹೆದ್ದಾರಿಯಲ್ಲಿ. ಜಿಲ್ಲೆಯ ಹೆಸರು ಮೊದಲು ಔರಂಗಾಬಾದ್, ಈಗ ಛತ್ರಪತಿ ಸಂಭಾಜಿನಗರ. ಊರಿಗೆ ಉದ್ದ ಹೆಸರಿಡಲು ಸರ್ಕಾರಗಳಿಗೆ ಎಷ್ಟು ಉತ್ಸಾಹ ನೋಡಿ. ಯೋಜನೆಗಳ ಹೆಸರಂತೂ ಒಂದೇ ಉಸಿರಿನಲ್ಲಿ ಹೇಳಲಾಗದು. ಜನರ ಹೆಸರು ಬಂದಾಗ ಮಾತ್ರ ಎರಡಕ್ಷರ ಸಾಕು.

ಮೊದಲು ಬಸ್ಸು. 1948ರ ಜೂನ್ 1ರಂದು ಪುಣೆಯಿಂದ ಅಹ್ಮದ್‌ನಗರಕ್ಕೆ ಮೊದಲ ಎಸ್‌ಟಿ ಓಡಿತು. ಸ್ಟೇಟ್ ಟ್ರಾನ್ಸ್‌ಪೋರ್ಟ್. ಮರಾಠಿಗರು ಅದನ್ನು ಪ್ರೀತಿಯಿಂದ ಲಾಲ್ ಪರಿ ಅಂತಾರೆ. ಕೆಂಪು ಅಪ್ಸರೆ. ಅಪ್ಸರೆಯರ ಗುಣವೂ ಇದೆ. ಯಾವಾಗ ಪ್ರತ್ಯಕ್ಷಳಾಗುತ್ತಾಳೋ ಹೇಳಲಾಗದು.

ನಿಗಮದ ಘೋಷವಾಕ್ಯ ‘ಬಹುಜನ ಹಿತಾಯ, ಬಹುಜನ ಸುಖಾಯ’. ಬುದ್ಧನ ಮಾತು. ಅಜಂತಾ ಊರು ಸಿಲ್ಲೋಡ್ ತಾಲ್ಲೂಕಿನಲ್ಲೇ ಇರುವುದರಿಂದ ಒಪ್ಪುವ ಮಾತೂ ಹೌದು. ಆದರೆ ಬುದ್ಧ ಅದನ್ನು ಹೇಳಿದ್ದು ಭಿಕ್ಷುಗಳನ್ನು ಊರೂರು ನಡೆಯಲು ಕಳಿಸುವಾಗ. ನಿಗಮ ಆ ಭಾಗವನ್ನೂ ಮರೆತಿಲ್ಲ. ಬಸ್ಸು ಬಾರದ ದಿನ ಬಹುಜನರು ನಡೆದೇ ಹೋಗುತ್ತಾರೆ.

2021ರ ಅಕ್ಟೋಬರ್ ಕೊನೆಯಲ್ಲಿ ಎಸ್‌ಟಿ ನೌಕರರು ಮುಷ್ಕರ ಹೂಡಿದರು. ಕೇಳಿದ್ದಿಷ್ಟೇ: ನಿಗಮವನ್ನು ಸರ್ಕಾರದೊಳಗೆ ವಿಲೀನ ಮಾಡಿ, ನಮ್ಮನ್ನು ಸರ್ಕಾರಿ ನೌಕರರೆಂದು ಒಪ್ಪಿಕೊಳ್ಳಿ. ಬಸ್ಸಿನ ಹೆಸರಿನಲ್ಲಿ ಸ್ಟೇಟ್ ಇದೆ. ಸಂಬಳದ ಮಾತು ಬಂದಾಗ ಸ್ಟೇಟ್ ಊರಲ್ಲಿರಲಿಲ್ಲ. ಮುಷ್ಕರ 2022ರ ಏಪ್ರಿಲ್ ತನಕ ಎಳೆಯಿತು. ಕೊನೆಗೆ ಹೈಕೋರ್ಟ್ ಗಡುವು ಕೊಟ್ಟು ಕೆಲಸಕ್ಕೆ ಕಳಿಸಿತು. ವಿಲೀನ ಆಗಲಿಲ್ಲ.

2023ರ ಮಾರ್ಚಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ ಬಂತು. ಅದಕ್ಕೆ ‘ಮಹಿಳಾ ಸನ್ಮಾನ’ ಎಂದು ಹೆಸರು. 2025ರ ಜನವರಿಯಲ್ಲಿ ದರ ಏರಿತು. ಶೇ 14.95. ಹದಿನೈದು ಅಂದರೆ ಜನ ಬೈದಾರು. ಚಪ್ಪಲಿ ಅಂಗಡಿಯ ಬೆಲೆಚೀಟಿ ನೋಡಿ ಕಲಿತ ಗಣಿತ ಇದು.

ಕಾರಿದ್ದವರು ಎಸ್‌ಟಿ ಹತ್ತುವುದು ಒಂದೇ ಕಡೆ. ಅಜಂತಾ ಗುಹೆಗಳಿಗೆ ಹೋಗುವ ಖಾಸಗಿ ವಾಹನಗಳನ್ನು ಫರ್ದಾಪುರದ ಬಳಿಯ ಟಿ ಪಾಯಿಂಟ್‌ನಲ್ಲಿ ನಿಲ್ಲಿಸುತ್ತಾರೆ. ಅಲ್ಲಿಂದ ಸುಮಾರು ನಾಲ್ಕು ಕಿಲೋಮೀಟರು ನಿಗಮದ ಬಸ್ಸೇ ಗತಿ. ದೊಡ್ಡವರು ಸಮಾನತೆಯನ್ನು ನಾಲ್ಕು ಕಿಲೋಮೀಟರು ಸಹಿಸಬಲ್ಲರು. ಅಷ್ಟು ಮಾತ್ರ.

ಎಸ್‌ಟಿ ಬಸ್ಸು ಯಾರಿಗೂ ಬೇಡ. ಎಸ್‌ಟಿ ಪಟ್ಟಿ ಎಲ್ಲರಿಗೂ ಬೇಕು.

ಮಹಾರಾಷ್ಟ್ರದ ಪಟ್ಟಿಯಲ್ಲಿ ‘ಓರಾಂವ್, ಧಾಂಗಡ್’ ಎಂಬ ನಮೂದಿದೆ. ಅದು ಧಾಂಗಡ್ ಅಲ್ಲ, ಧನಗರ್ ಎಂದು ಕುರಿಗಾಹಿ ಸಮುದಾಯ ದಶಕಗಳಿಂದ ವಾದಿಸುತ್ತಿದೆ. ಇಂಗ್ಲಿಷಿನಲ್ಲಿ ಬರೆದರೆ ಒಂದಕ್ಷರದ ವ್ಯಾಜ್ಯ. 2014ರ ಚುನಾವಣೆಗೆ ಮುನ್ನ ಬಿಜೆಪಿ ಮಾತು ಕೊಟ್ಟಿತು, ಗೆದ್ದಿತು, ಮರೆಯಿತು. 2024ರ ಫೆಬ್ರುವರಿಯಲ್ಲಿ ಬಾಂಬೆ ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. ಪಟ್ಟಿ ತಿದ್ದುವ ಅಧಿಕಾರ ಇರುವುದು ಸಂಸತ್ತಿಗೆ. ಮಾತು ಕೊಟ್ಟವರಿಗೆ ಇದು ಗೊತ್ತಿರಲಿಲ್ಲ ಎಂದು ನಂಬುವಷ್ಟು ಮುಗ್ಧರು ನಾವಲ್ಲ.

ಪಟ್ಟಿಯೊಳಗೆ ಈಗಾಗಲೇ ಇರುವವರು ಸುಮ್ಮನಿದ್ದರೇ? 2024ರ ಅಕ್ಟೋಬರ್ 4ರಂದು ನಾಸಿಕ್ ಜಿಲ್ಲೆಯ ದಿಂಡೋರಿ ಶಾಸಕ ನರಹರಿ ಝಿರ್ವಾಳ್ ಮುಂಬೈನ ಮಂತ್ರಾಲಯದ ಮೂರನೇ ಮಹಡಿಯಿಂದ ಹಾರಿದರು. ಆಗ ಅವರು ವಿಧಾನಸಭೆಯ ಉಪಾಧ್ಯಕ್ಷರು. ಆಡಳಿತ ಪಕ್ಷದವರು. ಧನಗರರನ್ನು ಪಟ್ಟಿಗೆ ಸೇರಿಸಬಾರದೆಂದು ತಮ್ಮದೇ ಸರ್ಕಾರದ ವಿರುದ್ಧ ಹಾರಿದರು, ಕೆಳಗಿನ ಬಲೆಯ ಮೇಲೆ ಕ್ಷೇಮವಾಗಿ ಬಿದ್ದರು.

ಆ ಬಲೆ ಕಟ್ಟಿದ್ದು 2018ರಲ್ಲಿ. ನ್ಯಾಯ ಕೇಳಲು ಬಂದವರು ಅದೇ ಕಟ್ಟಡದಲ್ಲಿ ಸಾಯತೊಡಗಿದಾಗ. ಜನರ ದುಃಖಕ್ಕೆ ಸರ್ಕಾರ ಹುಡುಕಿದ ಪರಿಹಾರ ಬಲೆ. ಅದು ಉಪಾಧ್ಯಕ್ಷರಿಗೂ ಉಪಯೋಗಕ್ಕೆ ಬಂತು. ಆ ಡಿಸೆಂಬರಿನಲ್ಲಿ ಅವರು ಸಚಿವರೂ ಆದರು. ಕೆಲವರು ಬಿದ್ದರೂ ಮೇಲಕ್ಕೇ ಬೀಳುತ್ತಾರೆ.

ನಾವು ನಗಬೇಕಾಗಿಲ್ಲ. ನಮ್ಮಲ್ಲಿ ಕುರುಬರು ಕೊಡಗಿನಲ್ಲಿ ಎಸ್‌ಟಿ, ಗಡಿ ದಾಟಿ ಮೈಸೂರಿಗೆ ಬಂದರೆ ಹಿಂದುಳಿದ ವರ್ಗದ 2ಎ. 2021ರಲ್ಲಿ ಕಾಗಿನೆಲೆಯಿಂದ ಬೆಂಗಳೂರಿಗೆ ಎಸ್‌ಟಿ ಪಾದಯಾತ್ರೆ ನಡೆಯಿತು. ಬೇಡಿಕೆಯ ಮುಂಚೂಣಿಯಲ್ಲಿ ಆಗಿನ ಸಚಿವ ಕೆ.ಎಸ್. ಈಶ್ವರಪ್ಪ. ಆಗ ರಾಜ್ಯದಲ್ಲೂ ಕೇಂದ್ರದಲ್ಲೂ ಅವರದೇ ಪಕ್ಷದ ಸರ್ಕಾರ. ಕೊಡಬೇಕಾದವರೇ ಕೇಳುವವರ ಸಾಲಿನಲ್ಲಿ ನಿಂತರೆ ಕೌಂಟರಿನಲ್ಲಿ ಕೂರುವವರು ಯಾರು?

ಕುರಿಗಾಹಿಯ ಬಡತನ ಸುಳ್ಳಲ್ಲ. ಸುಳ್ಳು ಇರುವುದು ಅವನ ಮುಂದೆ ಮೈಕ್ ಹಿಡಿದವರಲ್ಲಿ.

ಪಂಗಡವನ್ನು ಗುರುತಿಸುವ ಅಳತೆಗೋಲು 1965ರ ಲೋಕೂರ್ ಸಮಿತಿಯದು. ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಇವತ್ತಿಗೂ ಅದೇ. ಹಾಗಾಗಿ ತಾವು ಸಂಕೋಚದವರೆಂದು ತೋರಿಸಲು ಲಕ್ಷ ಜನರ ಸಮಾವೇಶ ಮಾಡಬೇಕು. ಕಟೌಟು, ಡಿಜೆ, ನೇರ ಪ್ರಸಾರ ಸಮೇತ. ಭೌಗೋಳಿಕ ಪ್ರತ್ಯೇಕತೆಯ ಚಿಂತೆ ಬೇಡ. ಅದನ್ನು ಇನ್ನೊಂದು ಎಸ್‌ಟಿ ನೋಡಿಕೊಳ್ಳುತ್ತದೆ. ಬಸ್ಸು ಬಾರದಿದ್ದರಾಯಿತು.

ಬಂಜಾರರ ಕಥೆ ಇನ್ನೂ ಸೊಗಸು. ಸಿಲ್ಲೋಡ್, ಕಲಬುರಗಿ, ವಾರಂಗಲ್ ಮೂರೂ 1956ರ ತನಕ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಈಗ ತೆಲಂಗಾಣದ ಲಂಬಾಡಿ ಎಸ್‌ಟಿ. ಕರ್ನಾಟಕದ ಲಂಬಾಣಿ ಎಸ್‌ಸಿ. ಮಹಾರಾಷ್ಟ್ರದ ಬಂಜಾರ ವಿಮುಕ್ತ ಜಾತಿ. ಭಾಷೆ ಅದೇ, ಸಂತ ಸೇವಾಲಾಲ್ ಅವನೇ. ಸರ್ಕಾರ ಗಡಿಕಲ್ಲು ನೆಟ್ಟಲ್ಲೆಲ್ಲ ಅವರ ಚರಿತ್ರೆ ಬದಲಾಗಿದೆ. 2025ರಲ್ಲಿ ಅವರೂ ನಿಜಾಮನ ಕಾಲದ ಹೈದರಾಬಾದ್ ಗೆಜೆಟ್ ಹಿಡಿದು, ಎಸ್‌ಟಿ ಪಟ್ಟಿಗೆ ಸೇರಿಸಿ ಎಂದು ಮರಾಠವಾಡದಲ್ಲಿ ಬೀದಿಗಿಳಿದರು. ನಿಜಾಮ ಹೋಗಿ ಇಷ್ಟು ವರ್ಷವಾದ ಮೇಲೂ ನ್ಯಾಯಕ್ಕೆ ಅವನ ದಫ್ತರವೇ ಬೇಕಾಯಿತು.

ಸುಳ್ಳು ಪ್ರಮಾಣಪತ್ರದ ಮೇಲೆ ಕೆಲಸ ಹಿಡಿದವರು ಕೆಲಸ ಕಳೆದುಕೊಳ್ಳಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಹಾರಾಷ್ಟ್ರ ಸರ್ಕಾರ ತೀರ್ಪನ್ನು ತಲೆಬಾಗಿ ಪಾಲಿಸಿತು. 2019ರ ಡಿಸೆಂಬರಿನಲ್ಲಿ ಅಂಥವರಿಗಾಗಿ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಅಲ್ಲಿ ಕೂರಿಸಿತು. ಇತ್ತ ನಿಜವಾದ ಆದಿವಾಸಿ ಹುಡುಗ ಪರಿಶೀಲನಾ ಸಮಿತಿಯ ಮುಂದೆ ನಿಂತು ತನ್ನ ದೇವರು ಯಾವುದು, ಮದುವೆ ಶಾಸ್ತ್ರ ಹೇಗೆ ಎಂದು ಒಪ್ಪಿಸಬೇಕು. ಪಟ್ಟಣದಲ್ಲಿ ಓದಿ ಶಾಸ್ತ್ರ ಮರೆತಿದ್ದರೆ ಅನುಮಾನ. ಮುಂದೆ ಬಾ ಅಂತಾರೆ. ಬಂದರೆ, ನೀನು ಹಿಂದುಳಿದವನಂತೆ ಕಾಣುತ್ತಿಲ್ಲವಲ್ಲ ಅಂತಾರೆ.

ಇನ್ನು ದುಡ್ಡು. ಕರ್ನಾಟಕದ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಖಾತೆಯಿಂದ 187 ಕೋಟಿ ಅಕ್ರಮವಾಗಿ ವರ್ಗಾವಣೆಯಾದ ಪ್ರಕರಣ 2024ರಲ್ಲಿ ಬಯಲಿಗೆ ಬಂತು. ಸಚಿವರು ರಾಜೀನಾಮೆ ಕೊಟ್ಟರು. ಪಂಗಡದ ಜನ ಸಾಲಕ್ಕೆ ಹೋದರೆ ಹತ್ತು ದಾಖಲೆ ಕೇಳುವ ಕಚೇರಿಗಳು ಇವು.

ಇದು ಕಾನೂನು ಮೀರಿ ಹೋದ ದುಡ್ಡು. ಕಾನೂನಿನೊಳಗೇ ಹೋದದ್ದು ಬೇರೆ. 2023-24ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿಯ , ಅಂದರೆ ಪರಿಶಿಷ್ಟ ಜಾತಿ-ಪಂಗಡಗಳ ಉಪಯೋಜನೆಗಳ, 11,144 ಕೋಟಿಯನ್ನು ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳಿಗೆ ತೋರಿಸಿದರು. ಆ ಗ್ಯಾರಂಟಿಗಳಲ್ಲಿ ಉಚಿತ ಬಸ್ಸಿನ ಶಕ್ತಿಯೂ ಒಂದು. ಹಣ ಬೇರೆಡೆಗೆ ತಿರುಗಿಸಲು ದಾರಿಯಾಗಿದ್ದ, ಉಪಯೋಜನೆ ಕಾಯ್ದೆಯ 7ಡಿ ಕಲಂ ಕಿತ್ತುಹಾಕಿದೆವೆಂದು ಅದೇ ವರ್ಷ ಬೆನ್ನು ತಟ್ಟಿಕೊಂಡದ್ದೂ ಇದೇ ಸರ್ಕಾರ. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರಲ್ಲ ಎಂಬುದು ಸಮಜಾಯಿಷಿ. ಇದ್ದಾರೆ. ಎಲ್ಲರಿಗೂ ಪುಕ್ಕಟೆ ಸಿಕ್ಕಿದ್ದಕ್ಕೆ ಅವರ ಪಾಲಿನಿಂದ ಟಿಕೆಟ್ ಹರಿದಿದ್ದಾರೆ. ಒಂದು ಎಸ್‌ಟಿಯ ದುಡ್ಡಿನಲ್ಲಿ ಇನ್ನೊಂದು ಎಸ್‌ಟಿ ಓಡಿತು.

ಮೂರನೇ ಎಸ್‌ಟಿ ತೆರಿಗೆ. ಸೇಲ್ಸ್ ಟ್ಯಾಕ್ಸ್ ಹೋಗಿ ವ್ಯಾಟ್ ಬಂತು. ಸರ್ವಿಸ್ ಟ್ಯಾಕ್ಸ್ ಎಂಬ ಇನ್ನೊಂದು ಎಸ್‌ಟಿ 2017ರ ಜುಲೈ 1ಕ್ಕೆ ಸತ್ತಿತು ಅಂದರು. ಎಲ್ಲಿ ಸತ್ತಿತು? ಮುಂದೆ ಒಂದು ಜಿ ಅಂಟಿಸಿಕೊಂಡು ಎದ್ದು ಕೂತಿದೆ. ಎಲ್ಲ ಎಸ್‌ಟಿಗಳ ಪೈಕಿ ಒಂದು ದಿನವೂ ತಡಮಾಡದೆ ಮನೆ ಬಾಗಿಲಿಗೆ ಬರುವುದು ಇದೊಂದೇ.

ಉಳಿದದ್ದು ಡಾಕ್ಟರ ಎಸ್‌ಟಿ. ಇಸಿಜಿಯಲ್ಲಿ ಎಸ್ ಅಲೆಗೂ ಟಿ ಅಲೆಗೂ ನಡುವಿನ ಗೆರೆ. ಅದು ಮಟ್ಟವಾಗಿ ಮಲಗಿರಬೇಕು. ಎದೆನೋವಿನವನಲ್ಲಿ ಅದು ಮೇಲೆದ್ದಿದ್ದರೆ, ಹೃದಯದ ರಕ್ತನಾಳವೊಂದು ಕಟ್ಟಿಕೊಂಡಿರಬಹುದೆಂದು ಡಾಕ್ಟರು ಓಡುತ್ತಾರೆ. ಗೆರೆ ಏರಿತೆಂದು ಅಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಚಪ್ಪಾಳೆ ತಟ್ಟುವುದು ವಿಧಾನಸೌಧದಲ್ಲಿ. 2023-24ರಲ್ಲಿ ಪರಿಶಿಷ್ಟರ ಉಪಯೋಜನೆಗೆ 34 ಸಾವಿರ ಕೋಟಿ. 2025-26ಕ್ಕೆ 42,018 ಕೋಟಿ. ಗೆರೆ ಏರುತ್ತಲೇ ಇದೆ, ಮೇಜು ಕುಟ್ಟುತ್ತಲೇ ಇದ್ದಾರೆ. ಆದಿವಾಸಿ ಹಾಡಿಗೆ ರಸ್ತೆ ಬಂದಿಲ್ಲ, ಹಾಸ್ಟೆಲಿಗೆ ಹಾಸಿಗೆ ಬಂದಿಲ್ಲ. ಬಜೆಟ್ ಪುಸ್ತಕವನ್ನು ಹಣಕಾಸು ಕಾರ್ಯದರ್ಶಿಯ ಕೈಯಿಂದ ಕಿತ್ತು ಯಾವುದಾದರೂ ಹೃದ್ರೋಗ ತಜ್ಞರಿಗೆ ಕೊಡಿ. ಎಸ್‌ಟಿ ಇಷ್ಟು ಮೇಲೇರಿದರೆ ಎಲ್ಲೋ ಕಟ್ಟಿಕೊಂಡಿದೆ ಎಂದು ಅವರು ಒಂದೇ ನೋಟಕ್ಕೆ ಹೇಳುತ್ತಾರೆ.