ಸೊನ್ನೆ ಅಡಿ ಸೇತುವೆ

ಕಂಟ್ರಾಕ್ಟರ್: ಸಾರ್, ಲಂಡನ್ನಿನ ಗಾರ್ಡನ್ ಬ್ರಿಡ್ಜ್ ಕೇಳಿದೀರಾ? ಥೇಮ್ಸ್ ಮೇಲೆ, ಬರೀ ನಡೆಯೋರಿಗೆ. ಗಿಡಮರ ಸಮೇತ.

ಎಂಜಿನಿಯರ್: ಖರ್ಚೆಷ್ಟಯ್ಯಾ?

ಕಂಟ್ರಾಕ್ಟರ್: ಸುಮಾರು 5.3 ಕೋಟಿ ಪೌಂಡ್. ಅದರಲ್ಲಿ 4.3 ಕೋಟಿ ಜನರ ತೆರಿಗೆ. ದಾನಿಗಳು ಕೊಡ್ತಾರೆ ಅಂತ್ಲೇ ಶುರುವಾಗಿದ್ದು.

ಎಂಜಿನಿಯರ್: ಉದ್ದ?

ಕಂಟ್ರಾಕ್ಟರ್: ಸೊನ್ನೆ. ಕಟ್ಟಲೇ ಇಲ್ಲ ಸಾರ್, 2017ರಲ್ಲಿ ಕೈಬಿಟ್ಟರು.

ಎಂಜಿನಿಯರ್: (ಭಕ್ತಿಯಿಂದ ಎದ್ದು ನಿಂತು, ಮಂತ್ರಿ ಬಂದಾಗಲೂ ಇಷ್ಟು ಬೇಗ ಎದ್ದವರಲ್ಲ) ಮತ್ತೆ ದುಡ್ಡು?

ಕಂಟ್ರಾಕ್ಟರ್: ನಕ್ಷೆ, ಸಲಹೆ, ಗುತ್ತಿಗೆ ಮುಂಗಡ, ಕೊನೆಗೆ ರದ್ದು ಮಾಡಿದ ಖರ್ಚು.

ಎಂಜಿನಿಯರ್: ಛೇ! ನಾವಿನ್ನೂ ಕಬ್ಬಿಣ ತಂದು, ಸ್ಕೈವಾಕ್ ನಿಲ್ಲಿಸಿ, ಲಿಫ್ಟ್ ಕೆಟ್ಟು, ಬೈಸಿಕೊಂಡು...

ಕಂಟ್ರಾಕ್ಟರ್: ಅಲ್ಲಿ ಲಿಫ್ಟ್ ಇವತ್ತಿಗೂ ಕೆಟ್ಟಿಲ್ಲ.

ಎಂಜಿನಿಯರ್: ಅಧ್ಯಯನ ಪ್ರವಾಸದ ಫೈಲ್ ತಾ. ನೋಡೋಕೆ ಏನಿದೆ ಅಂತ ಬರೀಲಿ?

ಕಂಟ್ರಾಕ್ಟರ್: ನದಿ ಅಂತ ಬರೀರಿ ಸಾರ್.